ಆಯಿಲ್ ಬದಲಿಸಿದ ಮೇಲೆ ಮಟ್ಟ ಗರಿಷ್ಠ ಗುರುತನ್ನು ದಾಟಿದೆ, ಚೇಂಬರ್ ಬೋಲ್ಟ್ ಜಿನುಗುತ್ತಿದೆ: ಸರ್ವಿಸ್ ಸೆಂಟರಿನವರು ಒಪ್ಪುತ್ತಿಲ್ಲ

ಗುಮ್ಮಟನಗರಿ_ಪ್ರಯಾಣಿಕ (ವಿಜಯಪುರ) ಬರೆದದ್ದು:

ಸದಸ್ಯರೆಲ್ಲರಿಗೂ ನಮಸ್ಕಾರ. ನನ್ನದು ಬಿಎಸ್-6 ಡೀಸೆಲ್ ಕಾರು, ಇನ್ನೂ ವಾರಂಟಿಯೊಳಗಿದೆ. ಕಳೆದ ವಾರ ವಿಜಯಪುರದ ಅಧಿಕೃತ ಡೀಲರರ ಸರ್ವಿಸ್ ಸೆಂಟರಿನಲ್ಲಿ ವಾರ್ಷಿಕ ಸರ್ವಿಸ್ ಮಾಡಿಸಿದೆ. ಸಂಜೆ ಗಾಡಿ ತೆಗೆದುಕೊಂಡು ನೇರವಾಗಿ ಮನೆಗೆ ಬಂದು ನಿಲ್ಲಿಸಿದೆ. ಮರುದಿನ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು, ಒರೆಸಿ, ಮತ್ತೆ ಹಾಕಿ ನೋಡಿದರೆ ಆಯಿಲ್ ಮೇಲಿನ ಗುರುತಿಗಿಂತ ಒಂದು ಬೆರಳಿನಗಲ ಮೇಲಿತ್ತು. ಗಾಡಿ ನಿಂತಿದ್ದದ್ದು ಸಮತಟ್ಟಾದ ಫರಸಿಯ ಮೇಲೆ, ಆದ್ದರಿಂದ ಓರೆಯಾಗಿ ನಿಂತದ್ದಕ್ಕೆ ಹಾಗೆ ಕಂಡಿತು ಎನ್ನುವಂತಿಲ್ಲ.

ಅದೇ ಫರಸಿಯ ಮೇಲೆ, ಎಂಜಿನ್ನಿನ ಕೆಳಗೆ, ರೂಪಾಯಿ ನಾಣ್ಯದಷ್ಟು ಎಣ್ಣೆಯ ಕಲೆ ಕಾಣಿಸಿತು. ಬಗ್ಗಿ ಟಾರ್ಚ್ ಹಿಡಿದು ನೋಡಿದೆ. ಚೇಂಬರ್ ಬೋಲ್ಟಿನ (ಎಂಜಿನ್ನಿನ ತಳದ ಆಯಿಲ್ ತೊಟ್ಟಿಯಿಂದ ಆಯಿಲ್ ಇಳಿಸುವ ಬೋಲ್ಟಿನ) ತಲೆಯ ಮೂಲೆಗಳು ಹೊಸದಾಗಿ ಸವೆದು ಲೋಹ ಹೊಳೆಯುತ್ತಿತ್ತು. ಅದರ ಹಿಂದಿನ ವಾಷರ್ ಮಾತ್ರ ಚಪ್ಪಟೆಯಾಗಿ, ಅಂಚಿಗೆ ಹಳೆಯ ಧೂಳು ಗಟ್ಟಿಯಾಗಿ ಅಂಟಿಕೊಂಡಿತ್ತು. ಬಿಲ್ಲಿನಲ್ಲಿ ಹೊಸ ವಾಷರಿಗೆ ಹಣ ಹಿಡಿದಿದ್ದಾರೆ. ಆಯಿಲ್ ಲೆಕ್ಕ 4.5 ಲೀಟರ್ ಎಂದಿದೆ, ಆದರೆ ಕಾರಿನ ಕೈಪಿಡಿಯಲ್ಲಿ ಫಿಲ್ಟರ್ ಸಹಿತ 3.8 ಲೀಟರ್ ಎಂದು ಸ್ಪಷ್ಟವಾಗಿ ಮುದ್ರಿತವಾಗಿದೆ. ಯಾವ ದರ್ಜೆಯ ಆಯಿಲ್ ಎಂಬುದನ್ನು ಬರೆದಿಲ್ಲ. ‘ಎಂಜಿನ್ ಆಯಿಲ್ ಲೂಸ್’ ಎಂದಷ್ಟೇ ಇದೆ.

ಫೋನ್ ಮಾಡಿ ಕೇಳಿದರೆ ಸರ್ವಿಸ್ ಅಡ್ವೈಸರ್ ಕೊಟ್ಟ ಉತ್ತರ ಇದು: “ಬಿಎಸ್-6 ಡೀಸೆಲ್ ಗಾಡಿ ಅಂದ್ರ ಆಯಿಲ್ ಏರೂದು ಸಹಜ ಐತ್ರಿ ಸರ, ಡಿಪಿಎಫ್ ಕಾರಣಕ್ಕ ಹಂಗ ಆಗ್ತೈತಿ. ನೀವು ಆರಾಮ ಓಡಸ್ರಿ.” (ಡಿಪಿಎಫ್ ಎಂದರೆ ಹೊಗೆಯಲ್ಲಿನ ಮಸಿ ಹಿಡಿಯುವ ಫಿಲ್ಟರ್.) ಬೋಲ್ಟಿನ ವಿಷಯಕ್ಕೆ, ಆ ಕಡೆ ಬಂದಾಗ ಇನ್ನಷ್ಟು ಬಿಗಿ ಮಾಡಿಕೊಡುತ್ತೇವೆ ಎಂದರು.

ಕೆಲವೇ ದಿನಗಳಲ್ಲಿ ತಾಯಿಯವರನ್ನು ಆಸ್ಪತ್ರೆಗೆ ತೋರಿಸಲು ಹುಬ್ಬಳ್ಳಿಗೆ ಕರೆದೊಯ್ಯಬೇಕಾಗಿದೆ. ಈ ಸ್ಥಿತಿಯಲ್ಲಿ ಗಾಡಿಯನ್ನು ಅಷ್ಟು ದೂರ ಓಡಿಸಬಹುದೇ? ಹೆಚ್ಚಿನ ಆಯಿಲನ್ನು ಹೊರಗೆ ತೆಗೆಸಿದರೆ ವಾರಂಟಿಗೆ ಧಕ್ಕೆಯಾಗುವುದೇ? ಇವರಿಂದ ಒಪ್ಪಿಗೆ ಪಡೆಯುವ ಸರಿಯಾದ ದಾರಿ ಯಾವುದು? ತಿಳಿದವರು ದಯವಿಟ್ಟು ಹೇಳಬೇಕು.

ಉದ್ಯಮಬಾಗ_ಯಂತ್ರಶಾಲೆ (ಬೆಳಗಾವಿ) ಬರೆದದ್ದು:

ಸರ್, ಮೊದಲು ಓಡಿಸುವ ಪ್ರಶ್ನೆಗೆ ಉತ್ತರಿಸುತ್ತೇನೆ. ಮಟ್ಟ ಸರಿಯಾಗುವವರೆಗೆ ಹುಬ್ಬಳ್ಳಿಗೆ ಹೋಗಬೇಡಿ. ಸರ್ವಿಸ್ ಸೆಂಟರ್ ಊರೊಳಗೇ ಇದ್ದರೆ ಅಲ್ಲಿಯವರೆಗೆ ನಿಧಾನವಾಗಿ ಒಯ್ಯಬಹುದು. ಹೆದ್ದಾರಿಯಲ್ಲಿ ವೇಗವಾಗಿ ಗಂಟೆಗಟ್ಟಲೆ ಓಡಿಸುವುದು ಬೇರೆ ಮಾತು.

ಕಾರಣ ಹೀಗಿದೆ. ಬಹುತೇಕ ಕಾರುಗಳಲ್ಲಿ ಡಿಪ್‌ಸ್ಟಿಕ್ಕಿನ ಕೆಳಗಿನ ಗುರುತಿಗೂ ಮೇಲಿನ ಗುರುತಿಗೂ ನಡುವಿನ ಅಂತರ ಒಂದು ಲೀಟರಿನ ಆಸುಪಾಸು ಇರುತ್ತದೆ. ನೀವು ಹೇಳಿದ 4.5ರಲ್ಲಿ 3.8 ಕಳೆದರೆ 700 ಮಿಲಿಲೀಟರ್ ಉಳಿಯುತ್ತದೆ, ಮೇಲಿನ ಗುರುತಿಗಿಂತ ಒಂದು ಬೆರಳಿನಗಲ ಹೆಚ್ಚು ಎಂಬ ನಿಮ್ಮ ಮಾತಿಗೆ ಅದು ತಾಳೆಯಾಗುತ್ತದೆ. ಇಷ್ಟು ಹೆಚ್ಚಾದಾಗ ಚೇಂಬರಿನಲ್ಲಿ ನಿಂತ ಆಯಿಲಿಗೆ ತಿರುಗುವ ಕ್ರ್ಯಾಂಕ್‌ಶಾಫ್ಟಿನ ತೂಕದ ಭಾಗಗಳು ತಾಗಬಹುದು. ತಾಗಿದರೆ ಮಜ್ಜಿಗೆ ಕಡೆದಂತೆ ಆಯಿಲ್ ನೊರೆಯಾಗುತ್ತದೆ. ಪಂಪು ಎಳೆದುಕೊಳ್ಳುವುದು ಶುದ್ಧ ಆಯಿಲನ್ನಲ್ಲ, ಗಾಳಿಯ ಗುಳ್ಳೆ ಬೆರೆತ ಆಯಿಲನ್ನು. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆಯಾದ್ದರಿಂದ ಬೇರಿಂಗುಗಳ ನಡುವೆ ನಿಲ್ಲಬೇಕಾದ ತೆಳುವಾದ ಪದರ ಗಟ್ಟಿಯಾಗಿ ನಿಲ್ಲುವುದಿಲ್ಲ. ಎಂಜಿನ್ನಿಗೆ ಗಾಳಿಯನ್ನು ಒತ್ತಿ ಕೊಡುವ ಟರ್ಬೊದ ಶಾಫ್ಟು ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತು ತಿರುಗುವುದರಿಂದ ಅದಕ್ಕಂತೂ ಈ ಕೊರತೆ ಬೇಗ ತಟ್ಟುತ್ತದೆ. ಇನ್ನೊಂದು ಕಡೆಯಿಂದ, ಒಳಗಿನ ಆವಿಯನ್ನು ಹೊರಗೆ ಒಯ್ಯುವ ಬ್ರೀದರ್ ಕೊಳವೆಯ ಮೂಲಕ ಆಯಿಲ್ ಹನಿಗಳು ಗಾಳಿಯ ದಾರಿಗೆ ಸೇರಿ, ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನಲ್ಲಿ ಶೇಖರವಾಗುತ್ತವೆ. ತೀರ ಅಪರೂಪವಾದರೂ ಡೀಸೆಲ್ ಎಂಜಿನ್ ಆ ಆಯಿಲನ್ನೇ ಇಂಧನವಾಗಿ ಸುಟ್ಟುಕೊಂಡು, ಕೀ ತೆಗೆದರೂ ನಿಲ್ಲದೆ, ವೇಗ ಏರುತ್ತಲೇ ಹೋದ ಪ್ರಸಂಗಗಳಿವೆ.

ಈಗ ಡಿಪಿಎಫ್ ವಿಷಯ. ಅಡ್ವೈಸರ್ ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ನಿಮ್ಮ ಪ್ರಸಂಗಕ್ಕೆ ಹೊಂದುವುದಿಲ್ಲ. ಡಿಪಿಎಫ್‌ನಲ್ಲಿ ಕೂಡಿದ ಮಸಿಯನ್ನು ಸುಡಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ತಾಪ ಬೇಕು. ಆ ತಾಪ ತರಲು ಅನೇಕ ಎಂಜಿನ್ನುಗಳು ಉರಿಯುವ ಹಂತ ಮುಗಿದ ಮೇಲೆ ಇನ್ನೊಂದಿಷ್ಟು ಡೀಸೆಲನ್ನು ಸಿಲಿಂಡರಿಗೆ ಸಿಂಪಡಿಸುತ್ತವೆ. ಅದರಲ್ಲಿ ಸ್ವಲ್ಪ ಭಾಗ ಸಿಲಿಂಡರಿನ ಗೋಡೆಯ ಗುಂಟ ಇಳಿದು ಚೇಂಬರಿಗೆ ಸೇರುತ್ತದೆ. ಊರೊಳಗೆ ನಾಲ್ಕೈದು ಕಿಲೋಮೀಟರಿನ ಓಡಾಟವನ್ನಷ್ಟೇ ಮಾಡುತ್ತಾ, ಮಸಿ ಸುಡುವ ಕ್ರಿಯೆ ಮತ್ತೆ ಮತ್ತೆ ಅರ್ಧಕ್ಕೆ ನಿಂತರೆ ಆಯಿಲ್ ಮಟ್ಟ ಏರುವುದು ನಿಜ. ಆದರೆ ಅದು ನೂರಾರು ಕಿಲೋಮೀಟರುಗಳ ಓಡಾಟದಲ್ಲಿ ಕ್ರಮೇಣ ಆಗುವಂಥದ್ದು. ಸರ್ವಿಸ್ ಸೆಂಟರಿನಿಂದ ಮನೆಗೆ ಬರುವಷ್ಟರಲ್ಲಿ ಮುಕ್ಕಾಲು ಲೀಟರ್ ಡೀಸೆಲ್ ಚೇಂಬರಿಗೆ ಇಳಿಯಲು ಸಾಧ್ಯವೇ ಇಲ್ಲ. ಡೀಸೆಲ್ ಬೆರೆತ ಆಯಿಲಾದರೆ ಬೆರಳಿಗೆ ನೀರಾಗಿ ಹತ್ತುತ್ತದೆ, ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ ಬರುತ್ತದೆ; ಅದನ್ನೂ ನೋಡಿಕೊಳ್ಳಿ.

ಬೋಲ್ಟನ್ನು ಇನ್ನಷ್ಟು ಬಿಗಿ ಮಾಡಲು ದಯವಿಟ್ಟು ಬಿಡಬೇಡಿ. ಚೇಂಬರ್ ಅಲ್ಯೂಮಿನಿಯಮ್ಮಿನದು, ಬೋಲ್ಟು ಉಕ್ಕಿನದು ಆಗಿದ್ದರೆ, ಏರ್ ಗನ್ನಿನಿಂದ ಹೊಡೆದು ಬಿಗಿದಾಗ ಸೋಲುವುದು ಚೇಂಬರಿನ ಥ್ರೆಡ್ಡೇ. ಈ ಬೋಲ್ಟಿಗೆ ಎಷ್ಟು ಬಲ ಹಾಕಬೇಕು ಎಂಬುದನ್ನು ಕಂಪನಿ ನ್ಯೂಟನ್ ಮೀಟರಿನಲ್ಲಿ ನಿಗದಿ ಮಾಡಿರುತ್ತದೆ, ಅದನ್ನು ಟಾರ್ಕ್ ರೆಂಚ್ ಹಿಡಿದು ಕೈಯಿಂದಲೇ ಬಿಗಿಯಬೇಕು. ಸೋರಿಕೆಯನ್ನು ತಡೆಯುವುದು ಬೋಲ್ಟಿನ ಬಿಗಿಯಲ್ಲ, ಮೆತ್ತನೆಯ ತಾಮ್ರದ ಅಥವಾ ಅಲ್ಯೂಮಿನಿಯಮ್ಮಿನ ವಾಷರ್ ಒಂದು ಸಲ ಒತ್ತಿ ಕೂರುವ ರೀತಿ. ಒಮ್ಮೆ ಒತ್ತಿಸಿಕೊಂಡ ವಾಷರ್ ಎರಡನೆಯ ಸಲ ಹಾಗೆ ಕೂರುವುದಿಲ್ಲ. ನಮ್ಮ ಉದ್ಯಮಬಾಗದ ಶೆಡ್ಡುಗಳಿಗೆ ಥ್ರೆಡ್ ಹೋದ ಚೇಂಬರುಗಳು ಬರುತ್ತಲೇ ಇರುತ್ತವೆ. ರಂಧ್ರವನ್ನು ಕೊರೆದು, ಒಳಗೆ ಉಕ್ಕಿನ ಸುರುಳಿ ಕೂರಿಸಿ, ಹೊಸ ಥ್ರೆಡ್ ಮಾಡಿಕೊಡುತ್ತೇವೆ, ಅದು ಚೆನ್ನಾಗಿಯೇ ಬಾಳುತ್ತದೆ. ಆದರೆ ವಾರಂಟಿಯೊಳಗಿನ ಗಾಡಿಗೆ, ಅದೂ ಅವರ ಕೈಯಿಂದಲೇ ಕೆಟ್ಟದ್ದಾದರೆ, ಹೊಸ ಚೇಂಬರನ್ನೇ ಕೇಳುವುದು ನ್ಯಾಯ.

ಬಿಲ್ಲಿನಲ್ಲಿ ದರ್ಜೆ ಇಲ್ಲದಿರುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 5ಡಬ್ಲ್ಯು-30 ಎಂಬಲ್ಲಿ ಮೊದಲ ಭಾಗ ಚಳಿಯಲ್ಲಿ ಹರಿಯುವ ಗುಣವನ್ನು, ಕೊನೆಯ ಅಂಕಿ 100 ಡಿಗ್ರಿಯಲ್ಲಿ ಉಳಿಯುವ ಗಟ್ಟಿತನವನ್ನು ತಿಳಿಸುತ್ತದೆ. ನಿಮ್ಮ ಊರಿನ ಬೇಸಿಗೆ 40 ಡಿಗ್ರಿ ದಾಟುತ್ತದೆಂದು ಕೆಲವರು ತಾವಾಗಿಯೇ ದಪ್ಪ ಆಯಿಲ್ ಹಾಕುತ್ತಾರೆ; ಕೈಪಿಡಿ ಒಪ್ಪದ ಹೊರತು ಅದು ಬೇಡ. ಡಿಪಿಎಫ್ ಇರುವ ಗಾಡಿಗೆ ಇನ್ನೂ ಮುಖ್ಯವಾದದ್ದು ಎಸಿಇಎ (ಯುರೋಪಿನ ವಾಹನ ತಯಾರಕರ ಸಂಘ) ಸಿ ವರ್ಗದ, ಅಂದರೆ ಬೂದಿ ಕಡಿಮೆ ಬಿಡುವ ಆಯಿಲ್. ಮಸಿಯನ್ನಾದರೆ ಸುಡಬಹುದು. ಆಯಿಲಿನ ಲೋಹದ ಅಂಶಗಳಿಂದ ಹುಟ್ಟುವ ಬೂದಿ ಸುಡುವುದಿಲ್ಲ, ಡಿಪಿಎಫ್‌ನಲ್ಲೇ ಕೂತು ಅದರ ಆಯುಷ್ಯ ತಿನ್ನುತ್ತದೆ. ಕೈಪಿಡಿಯಲ್ಲಿ ಏನಿದೆಯೋ ಅದೇ ಹಾಕಿದ್ದಾರೆಂದು ಬರವಣಿಗೆಯಲ್ಲಿ ಪಡೆಯಿರಿ.

ಮಾಜಿ_ಅಡ್ವೈಸರ್_ನವನಗರ (ಬಾಗಲಕೋಟೆ) ಬರೆದದ್ದು:

ನಾನು ಹಲವು ವರ್ಷ ಒಂದು ಡೀಲರ್‌ಶಿಪ್ಪಿನ ಸರ್ವಿಸ್ ವಿಭಾಗದಲ್ಲಿ ಕೆಲಸ ಮಾಡಿದವನು. ಒಳಗೆ ಇದು ಹೇಗೆ ನಡೆಯುತ್ತದೆ ಎಂಬುದನ್ನು ಹೇಳಿದರೆ ನಿಮಗೆ ಮಾತನಾಡಲು ಅನುಕೂಲವಾದೀತು.

ನಾನಿದ್ದ ಕಡೆ ಆಯಿಲ್ ಬರುತ್ತಿದ್ದದ್ದು ದೊಡ್ಡ ಬ್ಯಾರಲ್ಲುಗಳಲ್ಲಿ. ಅಡ್ವೈಸರ್ ಜಾಬ್ ಕಾರ್ಡಿನಲ್ಲಿ (ಗಾಡಿಗೆ ಮಾಡುವ ಕೆಲಸದ ದಾಖಲೆಯಲ್ಲಿ) ಗಾಡಿಯ ಮಾದರಿ ಆರಿಸಿದೊಡನೆ ಕಂಪ್ಯೂಟರಿನಲ್ಲಿ ಮೊದಲೇ ತುಂಬಿಟ್ಟ ಪ್ರಮಾಣ ಬಂದುಬಿಡುತ್ತಿತ್ತು. ಪೆಟ್ರೋಲ್ ಮಾದರಿಯ ಬದಲು ಡೀಸೆಲ್, ಹಳೆಯ ಎಂಜಿನ್ನಿನ ಬದಲು ಹೊಸದು, ಹೀಗೆ ಒಂದು ಸಾಲು ತಪ್ಪಿ ಆರಿಸಿದರೆ ಪ್ರಮಾಣವೂ ತಪ್ಪುತ್ತದೆ. ಸ್ಟೋರಿನಿಂದ ಅಷ್ಟು ಆಯಿಲ್ ಹೊರಬೀಳುತ್ತದೆ, ಗಡಿಬಿಡಿಯಲ್ಲಿರುವ ಟೆಕ್ನಿಷಿಯನ್ ಕೊಟ್ಟಷ್ಟನ್ನೂ ಸುರಿಯುತ್ತಾನೆ. ಕೊನೆಯ ತಪಾಸಣೆ ಮಾಡುವವನು ಡಿಪ್‌ಸ್ಟಿಕ್ ಎಳೆದು ನೋಡಲೇಬೇಕು. ಸಂಜೆ ಐದರ ನಂತರ ಡೆಲಿವರಿಗೆ ಜನ ಸಾಲುಗಟ್ಟಿದಾಗ ಆ ಚೌಕದಲ್ಲಿ ಬರೀ ಟಿಕ್ ಬೀಳುತ್ತದೆ. ನಿಮ್ಮ ಗಾಡಿಗೂ ಹೀಗೇ ಆಗಿರಬಹುದೆಂದು ನನ್ನ ಊಹೆ. ಹಾಗೆಂದು ಕ್ಷಮಿಸಬೇಕಾಗಿಲ್ಲ; ಹೆಚ್ಚಾದ ಆಯಿಲಿಗೆ ನಿಮ್ಮಿಂದ ಹಣವನ್ನೂ ಪಡೆದಿದ್ದಾರೆ.

ಅಡ್ವೈಸರ್ ಜೊತೆ ವಾದಕ್ಕೆ ಇಳಿಯಬೇಡಿ. ಅವನಿಗೆ ಉಚಿತವಾಗಿ ಒಂದು ವಾಷರ್ ಕೊಡುವ ಅಧಿಕಾರವೂ ಬಹಳ ಕಡೆ ಇರುವುದಿಲ್ಲ. ನೇರವಾಗಿ ವರ್ಕ್ಸ್ ಮ್ಯಾನೇಜರನ್ನು ಭೇಟಿಯಾಗಿ, ಅದೂ ಬೆಳಿಗ್ಗೆ, ಕೆಲಸದ ಜಾಗಕ್ಕೆ ಗಾಡಿ ಏರುವ ಮೊದಲು. ಅವರ ಎದುರಿಗೇ ಡಿಪ್‌ಸ್ಟಿಕ್ ಎಳೆಯಿರಿ. ಆಮೇಲೆ ಎರಡು ವಿಷಯ ಕೇಳಿ: ಹೊಸ ಜಾಬ್ ಕಾರ್ಡ್ ತೆರೆಯಬೇಕು, ಮತ್ತು ಹೊರತೆಗೆದ ಆಯಿಲನ್ನು ಅಳತೆಯ ಜಾಡಿಯಲ್ಲಿ ಹಿಡಿದು ಪ್ರಮಾಣವನ್ನು ಅದರಲ್ಲಿ ಬರೆಯಬೇಕು. ‘ಸುಮ್ನ ತಗದ ಕೊಡ್ತೀವ್ರಿ, ಕಾರ್ಡ್ ಯಾಕ ಬೇಕು’ ಎಂದು ಖಂಡಿತ ಹೇಳುತ್ತಾರೆ. ಕಾರ್ಡ್ ಇಲ್ಲದೆ ಮಾಡಿದ ಕೆಲಸ ಕಂಪನಿಯ ಲೆಕ್ಕದಲ್ಲಿ ನಡೆದೇ ಇಲ್ಲ. ಎರಡು ವರ್ಷದ ನಂತರ ಟರ್ಬೊ ಕೆಟ್ಟರೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಸರ್ವಿಸ್ ಆದ ಕೆಲ ದಿನಗಳಲ್ಲಿ ಕಂಪನಿಯಿಂದ ಅಭಿಪ್ರಾಯ ಕೇಳುವ ಫೋನ್ ಬರುತ್ತದೆ, ಅದಕ್ಕೆ ಮೊದಲೇ ‘ಹತ್ತಕ್ಕೆ ಹತ್ತು ಕೊಡ್ರಿ ಸರ’ ಎಂದು ಅಡ್ವೈಸರ್ ಕೇಳಿಕೊಂಡಿರುತ್ತಾನೆ. ಆ ಅಂಕದ ಮೇಲೆ ಡೀಲರರಿಗೆ ಬರುವ ಪ್ರೋತ್ಸಾಹಧನ ನಿಂತಿರುತ್ತದೆ. ನಡೆದದ್ದನ್ನು ನಡೆದಂತೆ ಹೇಳಿ. ಕಂಪನಿಯ ಗ್ರಾಹಕ ಸೇವೆಗೆ ದೂರು ಕೊಟ್ಟು ದೂರಿನ ಸಂಖ್ಯೆ ಪಡೆದುಕೊಂಡರೆ, ಕಂಪನಿಯ ಏರಿಯಾ ಸರ್ವಿಸ್ ಮ್ಯಾನೇಜರ್ ಆ ದೂರನ್ನು ಮುಗಿಸಲೇಬೇಕಾಗುತ್ತದೆ. ಅವರು ಡೀಲರರ ನೌಕರರಲ್ಲ, ಕಂಪನಿಯವರು. ಬೆಳಗಾವಿ ಹುಬ್ಬಳ್ಳಿ ಕಡೆಯಿಂದ ನಮ್ಮ ಭಾಗಕ್ಕೆ ಆಗಾಗ ಬರುತ್ತಿರುತ್ತಾರೆ, ಬಂದ ದಿನ ಭೇಟಿ ಕೇಳಿ.

ಇಂಡಿ_ನಿಂಬೆತೋಟ (ವಿಜಯಪುರ ಜಿಲ್ಲೆ) ಬರೆದದ್ದು:

ಇಷ್ಟೆಲ್ಲ ಯಾಕೆ ಅಣ್ಣಾರ? ನಂಬಿಕೆಯ ಮೆಕ್ಯಾನಿಕ್ ಒಬ್ಬರಿದ್ದರೆ ಹತ್ತು ನಿಮಿಷದಲ್ಲಿ ಹೆಚ್ಚಿನ ಆಯಿಲ್ ತೆಗೆದುಬಿಡುತ್ತಾರೆ. ನಮ್ಮ ಟ್ರ್ಯಾಕ್ಟರು, ಜೀಪು ಎರಡನ್ನೂ ಊರ ಗ್ಯಾರೇಜಿನಲ್ಲೇ ಮಾಡಿಸುತ್ತೇವೆ. ಡಬ್ಬಿಯ ಸೀಲನ್ನು ನಮ್ಮ ಎದುರಿಗೇ ಒಡೆದು ಹಾಕುತ್ತಾರೆ, ಎಷ್ಟು ಹಾಕಿದರು ಎಂಬ ಸಂಶಯವೇ ಬರುವುದಿಲ್ಲ. ತಾಯಿಯವರ ಆಸ್ಪತ್ರೆಯ ಕೆಲಸ ಮೊದಲು ಮುಗಿಯಲಿ.

ಘಟಪ್ರಭಾ_ವಕೀಲ (ಬಾಗಲಕೋಟೆ ಜಿಲ್ಲೆ) ಬರೆದದ್ದು:

ಇಂಡಿಯ ಸಹೋದರರ ಕಾಳಜಿ ಅರ್ಥವಾಗುತ್ತದೆ, ಆದರೆ ಈ ಗಾಡಿಯ ವಿಷಯದಲ್ಲಿ ನಾನು ಆ ಸಲಹೆ ಕೊಡಲಾರೆ. ಹೊರಗಿನ ಗ್ಯಾರೇಜಿಗೆ ಹೋದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದು ಎಂಬ ಷರತ್ತು ಹಾಕಬಾರದೆಂದು ಭಾರತೀಯ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳ ಪ್ರಕರಣದಲ್ಲಿ 2014ರ ಆಗಸ್ಟ್‌ನಲ್ಲಿಯೇ ಆದೇಶಿಸಿತ್ತು. ಕಂಪನಿಗಳು ಆ ಆದೇಶವನ್ನು ಪ್ರಶ್ನಿಸಿ ಮೇಲೆ ಹೋದವು. ಆದ್ದರಿಂದ ಕೌಂಟರಿನಲ್ಲಿ ನಿಂತು ಅದನ್ನೊಂದೇ ಹಿಡಿದು ವಾದಿಸುವುದರಿಂದ ಕೆಲಸ ಆಗುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಸಾಕ್ಷ್ಯ. ಹೆಚ್ಚಾದ ಆಯಿಲ್ ಈಗ ನಿಮ್ಮ ಪರವಾದ ಸಾಕ್ಷ್ಯ. ಅದನ್ನು ಗ್ಯಾರೇಜಿನಲ್ಲಿ ತೆಗೆಸಿದರೆ, ತಪ್ಪು ಅಲ್ಲಿಯದೇ ಎಂದು ಡೀಲರರು ಕೈತೊಳೆದುಕೊಳ್ಳುತ್ತಾರೆ.

ಗಾಡಿ ಒಯ್ಯುವ ಮೊದಲು ಡಿಪ್‌ಸ್ಟಿಕ್, ಜಿನುಗುವ ಬೋಲ್ಟು, ಕಿಲೋಮೀಟರ್ ಅಂಕಿ ಮೂರೂ ಕಾಣುವಂತೆ ಒಂದೇ ವಿಡಿಯೋ ಮಾಡಿಕೊಳ್ಳಿ. ಫೋನಿನ ಮಾತಿಗೆ ಬೆಲೆಯಿಲ್ಲ. ಅದೇ ವಿಷಯವನ್ನು ಡೀಲರರಿಗೂ ಕಂಪನಿಗೂ ಇಮೇಲ್ ಮಾಡಿ, ಕೈಪಿಡಿಯ ಪುಟ ಮತ್ತು ಬಿಲ್ಲಿನ ಚಿತ್ರಗಳನ್ನು ಸೇರಿಸಿ. ‘ಕೆಲಸ ತೃಪ್ತಿಕರವಾಗಿದೆ’ ಎಂಬ ಹಾಳೆಗೆ ಗೇಟ್ ಪಾಸಿನ ಜೊತೆಗೇ ಸಹಿ ಮಾಡಿಸಿಕೊಳ್ಳುವ ರೂಢಿಯಿದೆ. ಈ ಸಲ ಮಟ್ಟ ನೋಡಿದ ನಂತರವೇ ಸಹಿ ಮಾಡಿ, ತಕರಾರು ಉಳಿದಿದ್ದರೆ ಸಹಿಯ ಮೇಲ್ಗಡೆ ಅದನ್ನು ಬರೆಯಿರಿ.

ಕಾನೂನಿನ ಸ್ಥಿತಿ ನಿಮಗೆ ಅನುಕೂಲವಾಗಿಯೇ ಇದೆ. 2020ರ ಜುಲೈನಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸೇವೆಯ ನ್ಯೂನತೆ ಎಂದರೆ ಅಜಾಗರೂಕತೆಯಿಂದ ನಷ್ಟ ಮಾಡುವುದಷ್ಟೇ ಅಲ್ಲ, ಗ್ರಾಹಕನಿಗೆ ತಿಳಿಸಬೇಕಾದ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ಮುಚ್ಚಿಡುವುದೂ ಸೇರುತ್ತದೆ. ಹಾಕದ ವಾಷರಿಗೆ ಹಣ ಪಡೆದಿದ್ದರೆ ಅದು ಇನ್ನೂ ಗಂಭೀರ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಿ. ಅದು ನ್ಯಾಯಾಲಯವಲ್ಲದಿದ್ದರೂ ದೂರನ್ನು ಕಂಪನಿಗೆ ಮುಟ್ಟಿಸಿ ಉತ್ತರ ಕೇಳುತ್ತದೆ. ಅಲ್ಲಿಯೂ ಬಗೆಹರಿಯದಿದ್ದರೆ ನೋಟಿಸ್ ಕೊಟ್ಟು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದಿಲ್ಲ, ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದವರೆಗೆ ಅವಕಾಶವಿದೆ. ನಮ್ಮ ಗಡಿಭಾಗದವರಿಗೆ ಉಪಯುಕ್ತವಾದ ಇನ್ನೊಂದು ಅಂಶವಿದೆ: ಈ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಸೋಲಾಪುರದಲ್ಲಿ ಸರ್ವಿಸ್ ಮಾಡಿಸಿದವರೂ ವಿಜಯಪುರದ ಆಯೋಗಕ್ಕೇ ಬರಬಹುದು. ಮೂರು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳಿದರೂ ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ. ಆದ್ದರಿಂದ ಮ್ಯಾನೇಜರರ ಕೋಣೆಯಲ್ಲೇ ಬಗೆಹರಿದರೆ ಅದೇ ಒಳ್ಳೆಯದು.

ಗುಮ್ಮಟನಗರಿ_ಪ್ರಯಾಣಿಕ ಬರೆದದ್ದು:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಮೇಲ್ ಕಳಿಸಿ, ವಿಡಿಯೋ ಮಾಡಿಕೊಂಡು, ಇಂದು ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿದ್ದೆ. ವರ್ಕ್ಸ್ ಮ್ಯಾನೇಜರ್ ಮೊದಲು ಡಿಪಿಎಫ್ ಮಾತನ್ನೇ ಆಡಿದರು. ಮನೆಗೆ ಬಂದು ನಿಲ್ಲಿಸಿದಾಗಿನ ಕಿಲೋಮೀಟರ್ ಅಂಕಿ ಮತ್ತು ಅವರದೇ ಬಿಲ್ಲಿನಲ್ಲಿದ್ದ ಅಂಕಿ ಎರಡನ್ನೂ ಅಕ್ಕಪಕ್ಕ ತೋರಿಸಿ, ಇಷ್ಟು ದೂರದಲ್ಲಿ ಮುಕ್ಕಾಲು ಲೀಟರ್ ಡೀಸೆಲ್ ಎಲ್ಲಿಂದ ಬಂತು ಎಂದು ಕೇಳಿದ ಮೇಲೆ ಆ ಮಾತು ಬಿಟ್ಟರು. ಹೊಸ ಜಾಬ್ ಕಾರ್ಡ್ ತೆರೆದರು.

ಡಿಪ್‌ಸ್ಟಿಕ್ಕಿನ ಕೊಳವೆಯಲ್ಲಿ ಸಣ್ಣ ಪೈಪು ಇಳಿಸಿ, ಕೈಪಂಪಿನಿಂದ ಎಳೆದು, ಗೆರೆಗಳಿದ್ದ ಪ್ಲಾಸ್ಟಿಕ್ ಜಾಡಿಯಲ್ಲಿ ಹಿಡಿದರು. ಮಟ್ಟ ಮೇಲಿನ ಗುರುತಿಗೆ ಬಂದು ನಿಂತಾಗ ಜಾಡಿಯಲ್ಲಿದ್ದದ್ದು 650ರ ಗೆರೆಯ ಮೇಲೆ ಸ್ವಲ್ಪ. ನೋಡುತ್ತಿದ್ದ ಹಿರಿಯ ಟೆಕ್ನಿಷಿಯನ್ ಒಬ್ಬರು ತಾವಾಗಿಯೇ “ಹೆಚ್ಚ ಆಗಿತ್ರಿ, ಖರೇ ಐತಿ” ಎಂದರು. ಆ ಪ್ರಮಾಣವನ್ನು ಕಾರ್ಡಿನಲ್ಲಿ ಬರೆಸಿಕೊಂಡಿದ್ದೇನೆ. ಆಯಿಲಿನ ದರ್ಜೆಯನ್ನೂ ಬರೆದು ಕೊಟ್ಟರು, ಕೈಪಿಡಿಯಲ್ಲಿ ಇರುವುದೇ ಆಗಿದೆ. ಹೆಚ್ಚಿನ ಆಯಿಲಿನ ಹಣವನ್ನು ಮರಳಿಸಲು ಒಪ್ಪಿದ್ದಾರೆ.

ಬೋಲ್ಟ್ ಮಾತ್ರ ಬಗೆಹರಿದಿಲ್ಲ. ಹೊಸ ವಾಷರ್, ಹೊಸ ಬೋಲ್ಟ್ ಹಾಕಿ ಟಾರ್ಕ್ ರೆಂಚಿನಿಂದ ಬಿಗಿಯುವಾಗ, ಕ್ಲಿಕ್ ಎನ್ನುವ ಮೊದಲೇ ಬೋಲ್ಟ್ ಮೆತ್ತಗೆ ತಿರುಗಿತು. ಥ್ರೆಡ್ ಹೋಗಿದೆ ಎಂದು ಅವರೇ ಒಪ್ಪಿದರು. ಚೇಂಬರ್ ತರಿಸಬೇಕು, ಸಮಯ ಹಿಡಿಯುತ್ತದೆ, ಅಲ್ಲಿಯವರೆಗೆ ಸೀಲಂಟ್ ಹಚ್ಚಿ ಕೊಡುತ್ತೇವೆ ಎನ್ನುತ್ತಿದ್ದಾರೆ. ಹಾಗೆ ತೆಗೆದುಕೊಳ್ಳಬಹುದೇ?

ಉದ್ಯಮಬಾಗ_ಯಂತ್ರಶಾಲೆ ಬರೆದದ್ದು:

ಸರ್, ಸೀಲಂಟ್ ಜಿನುಗುವುದನ್ನು ತಡೆಯಬಹುದೇ ಹೊರತು ಬೋಲ್ಟನ್ನು ಹಿಡಿದಿಡುವುದಿಲ್ಲ. ಹಿಡಿತವಿಲ್ಲದ ಬೋಲ್ಟ್ ಹೆದ್ದಾರಿಯಲ್ಲಿ ಸಡಿಲಾಗಿ ಬಿದ್ದರೆ ಇಡೀ ಆಯಿಲ್ ನಿಮಿಷದೊಳಗೆ ರಸ್ತೆಗೆ ಹೋಗುತ್ತದೆ, ಕೆಂಪು ದೀಪ ಹೊತ್ತಿ ನೀವು ನಿಲ್ಲಿಸುವಷ್ಟರಲ್ಲಿ ಬೇರಿಂಗುಗಳು ಉಳಿಯುವುದಿಲ್ಲ. ಗಾಡಿಯನ್ನು ಅಲ್ಲಿಯೇ ಬಿಟ್ಟು, ಬಿಟ್ಟದ್ದಕ್ಕೆ ಕಾರ್ಡಿನಲ್ಲಿ ಕಾರಣ ಬರೆಸಿ, ಚೇಂಬರ್ ಬರುವವರೆಗೆ ಬದಲಿ ಗಾಡಿಯನ್ನೋ ಹುಬ್ಬಳ್ಳಿ ಪ್ರಯಾಣದ ಟ್ಯಾಕ್ಸಿ ಬಾಡಿಗೆಯನ್ನೋ ಕೇಳಿ. ಹೊಸ ಚೇಂಬರ್ ಕೂರಿಸಿದ ಮೇಲೆ ಅದರ ಅಂಚಿನ ಗ್ಯಾಸ್ಕೆಟ್ ಪೇಸ್ಟ್ ಒಣಗಲು ಕಂಪನಿ ಹೇಳಿದಷ್ಟು ಹೊತ್ತು ಬಿಟ್ಟೇ ಆಯಿಲ್ ತುಂಬಬೇಕು. ಸಂಜೆಯ ಡೆಲಿವರಿಯ ಆತುರಕ್ಕೆ ಅದನ್ನು ಕಡಿಮೆ ಮಾಡಲು ಬಿಡಬೇಡಿ. ಹಳೆಯ ಆಯಿಲನ್ನು ಮತ್ತೆ ಸುರಿಯದೆ ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿಸಿ, 3.8 ಲೀಟರ್ ಎಂಬುದನ್ನು ಈ ಬಾರಿ ಕಾರ್ಡ್ ತೆರೆಯುವಾಗಲೇ ಬರೆಸಿ. ಮನೆಗೆ ಬಂದ ಮರುದಿನ ಬೆಳಿಗ್ಗೆ ಮತ್ತು 500 ಕಿಲೋಮೀಟರ್ ಓಡಿದ ನಂತರ ಮಟ್ಟವನ್ನೂ ಬೋಲ್ಟನ್ನೂ ನೋಡಿ ಇಲ್ಲಿ ತಿಳಿಸಿ.